ನಮ್ಮ ಮನೆಯ ಇಟಲಿ ಸಿನಿಮಾ

ಇತ್ತೀಚೆಗೆ ನನಗೊಂದು ಕೆಟ್ಟ ಚಟ ಅಂಟಿಕೊಂಡಿದೆ. ಯಾರಾದರೂ ಮಾತಾಡುವಾಗ ಅವರ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಮೊನ್ನೆ ನಾರಾಯಣಪೇಟೆಯ ಸಂತೆಯಲ್ಲಿ ಹೀರೇಕಾಯಿ ತೂಗಿಸುತ್ತಿದ್ದೆ. ಮಾರುವವಳು ತನ್ನ ಸೊಸೆಯ ಪ್ರತಾಪಗಳನ್ನು ವರ್ಣಿಸುತ್ತ ತಕ್ಕಡಿ ಎತ್ತಿದಳು. ಸೊಸೆ ಹೇಗೆ ಬಾಗಿಲು ಬಡಿಯುತ್ತಾಳೆ, ಹೇಗೆ ಮುಸುಡಿ ತಿರುಗಿಸುತ್ತಾಳೆ ಎಂಬುದೆಲ್ಲ ಅವಳ ಖಾಲಿ ಕೈಯಲ್ಲಿ ನಡೆಯುತ್ತಿತ್ತು. ನಾನು ಮೈಮರೆತು ಅದನ್ನೇ ನೋಡುತ್ತ ನಿಂತೆ. ಅವಳು ತಟ್ಟನೆ ತಕ್ಕಡಿ ಕೆಳಗಿಟ್ಟಳು.

“ಯಾಕಮ್ಮ, ಹಂಗ ಕೈ ನೋಡಾಕತ್ತೀರಿ? ತಕ್ಕಡಿ ಸರಿ ಐತ್ರಿ. ನಂಬಿಕಿ ಇಲ್ಲಂದ್ರ ಬ್ಯಾರೆ ಕಡಿ ತೂಗಿಸ್ಕೊಂಡು ಬರ್ರಿ.”

“ಹಂಗಲ್ಲವಾ, ನಿನ್ನ ಕೈ ಚೆಂದ ಮಾತಾಡ್ತಾವು. ಅದಕ್ಕ ನೋಡಿದೆ,” ಎಂದೆ.

ಇದನ್ನು ಕೇಳಿ ಅವಳ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೇಲೆ ಇನ್ನೊಂದು ಹೀರೇಕಾಯಿ ಹಾಕಿ ನನ್ನನ್ನು ಬೇಗ ಸಾಗಹಾಕಿದಳು.

ಈ ಚಟ ನನಗೆ ಬಂದದ್ದು ಇಟಲಿಯಿಂದ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಾನು ಕಂಡ ಜಗತ್ತು ಒಂದು ಕಡೆ ಗದ್ವಾಲಕ್ಕೆ, ಇನ್ನೊಂದು ಕಡೆ ರಾಯಚೂರಿಗೆ ಮುಗಿಯುತ್ತದೆ. ಹೈದರಾಬಾದಿಗೆ ಹೋದದ್ದೆಲ್ಲ ದವಾಖಾನೆಯ ಕೆಲಸಕ್ಕೆ. ಮಕ್ತಲದ ಕನ್ನಡ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ವರ್ಷವರ್ಷವೂ ಗೋಡೆಯ ನಕಾಶೆಯ ಮೇಲೆ ಕೋಲು ಇಟ್ಟು, “ಇದು ಇಟಲಿ, ಬೂಟಿನ ಆಕಾರದಲ್ಲಿದೆ,” ಎಂದು ಹೇಳಿಕೊಡುತ್ತಿದ್ದೆ. ಒಂದು ವರ್ಷ ದಾಮರಗಿದ್ದದ ಕಡೆಯಿಂದ ಬಂದ ಹುಡುಗಿಯೊಬ್ಬಳು ಎದ್ದು ನಿಂತು, “ಇನ್ನೊಂದು ಬೂಟು ಎಲ್ಲೈತ್ರಿ ಟೀಚರ್?” ಎಂದು ಕೇಳಿದಳು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕು, ಉತ್ತರ ಗೊತ್ತಿಲ್ಲದ ಎಲ್ಲ ಟೀಚರುಗಳಂತೆ, “ಕುಂಡ್ರು, ಮುಂದಿನ ವರ್ಷ ಹೇಳ್ತಾರ,” ಎಂದಿದ್ದೆ.

ಇಟಲಿಯ ಜೊತೆ ನನ್ನ ಸಂಬಂಧ ಅಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದಕ್ಕೆ ಕಾರಣ ನಮ್ಮನೆಯವರು.

ನಮ್ಮನೆಯವರ ಹೆಸರು ವಿರೂಪಾಕ್ಷಪ್ಪ. ನಾರಾಯಣಪೇಟೆಯ ಬಜಾರಿನಲ್ಲಿ ಅವರದೊಂದು ಸೀರೆ ಅಂಗಡಿ ಇತ್ತು. ಅಂಗಡಿ ಸಣ್ಣದು, ಅವರ ದನಿ ದೊಡ್ಡದು. ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕೂತು ಒಂದೇ ಏಟಿಗೆ ಸೀರೆಯನ್ನು ಗಾಳಿಗೆ ಬಿಚ್ಚಿ, ಬಂದವಳು ಕನ್ನಡದವಳಾದರೆ ಕನ್ನಡದಲ್ಲಿ, ತೆಲುಗಿನವಳಾದರೆ ತೆಲುಗಿನಲ್ಲಿ, ಮುಸಲ್ಮಾನರ ಹೆಣ್ಣುಮಗಳಾದರೆ ಉರ್ದುವಿನಲ್ಲಿ, ಸೊಲ್ಲಾಪುರದ ಕಡೆಯವಳಾದರೆ ಮರಾಠಿಯಲ್ಲಿ ಶುರುಮಾಡುತ್ತಿದ್ದರು. “ಈ ಅಂಚು ನೋಡಕ್ಕ, ನಿನ್ನ ಮೈಬಣ್ಣಕ್ಕ ಅಂತನ ನೇಯ್ದಾರ. ಇದನ್ನ ಉಟ್ಕೊಂಡು ಹೋದ್ರ ನಿಮ್ಮತ್ತಿ ಗುರುತು ಹಿಡ್ಯಂಗಿಲ್ಲ.” ಹೆಂಗಸರು ನಗುತ್ತಿದ್ದರು. ನಕ್ಕವಳು ಬರಿಗೈಯಲ್ಲಿ ಹೋದದ್ದು ಕಡಿಮೆ.

ಆ ದನಿ ಸಂಜೆ ಅಂಗಡಿಯ ಬಾಗಿಲು ಹಾಕುವಾಗ ಒಳಗೇ ಉಳಿದುಬಿಡುತ್ತಿತ್ತೋ ಏನೋ, ಮನೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಅವರ ಮಾತೆಂದರೆ “ನೀರು”, “ಊಟ”, “ದೀಪ ಆರಿಸು”. ಜಗಳವಿರಲಿಲ್ಲ. ಮಕ್ಕಳಾಗಲಿಲ್ಲ ಎಂದು ಅವರು ನನ್ನನ್ನು ಒಂದು ದಿನವೂ ಅನ್ನಲಿಲ್ಲ. ಅನ್ನಲಿಲ್ಲ ಎಂಬುದೇ ನನಗೆ ಎಷ್ಟೋ ದಿನ ಚುಚ್ಚುತ್ತಿತ್ತು. ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತಲ್ಲ. ಹಬ್ಬಕ್ಕೆ ಸೀರೆ ಬರುತ್ತಿತ್ತು, ಅಂಗಡಿಯಲ್ಲಿ ಯಾರೂ ಒಯ್ಯದೆ ಉಳಿದದ್ದು. “ಇದನ್ನ ಉಟ್ಕೋ,” ಎಂದು ಮಂಚದ ಮೇಲಿಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದರು. ಊರಿನ ಹೆಂಗಸರ ಮೈಬಣ್ಣವೆಲ್ಲ ಬಲ್ಲವರಿಗೆ ನನ್ನ ಮೈಬಣ್ಣ ಯಾವುದೆಂದು ಗೊತ್ತಿದೆಯೋ ಇಲ್ಲವೋ ಎಂದು ನನಗೆ ಅನುಮಾನವಿತ್ತು.

ಪ್ರೀತಿ ಎಂದರೆ ಏನೆಂಬುದರ ಬಗ್ಗೆ ನನಗೂ ದೊಡ್ಡ ತಿಳಿವಳಿಕೆ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ನಮ್ಮ ಅಜ್ಜಿ ಕಾರಣ. ನಾನು ಸಣ್ಣವಳಿದ್ದಾಗ ಮಕ್ತಲಕ್ಕೆ ಡೇರೆ ಟಾಕೀಸು ಬರುತ್ತಿತ್ತು. ಅಜ್ಜಿ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು, ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಹೋಗಿ ನೆಲದ ಮೇಲೆ ಚಾಪೆ ಹಾಕಿ ಕೂರುತ್ತಿದ್ದಳು. ಪರದೆಯ ಮೇಲೆ ಹೀರೋ ಹೀರೋಯಿನ್ನು ಒಬ್ಬರಿಗೊಬ್ಬರು ಹತ್ತಿರ ಬಂದರೆ ಸಾಕು, ಆ ಸೆರಗು ನಮ್ಮೆಲ್ಲರ ಮುಖದ ಮೇಲೆ ಬೀಳುತ್ತಿತ್ತು. ಶೇಂಗಾ ಮತ್ತು ಅಜ್ಜಿ ಮೂಗಿಗೇರಿಸುತ್ತಿದ್ದ ತಪಕೀರಿನ ವಾಸನೆಯ ಕತ್ತಲೆಯಲ್ಲಿ ನಾವು ಹಾಡು ಕೇಳುತ್ತಿದ್ದೆವು. ಹಾಡು ಮುಗಿದ ಮೇಲೆ ಸೆರಗು ಏಳುತ್ತಿತ್ತು.

“ಏನಾತಬೇ ಅಜ್ಜಿ?”

“ಏನಾಗ್ತೈತಿ, ಮಳಿ ಬಂತು. ಇಬ್ಬರೂ ತೊಯ್ದ್ರು.”

ಹಾಗಾಗಿ ಪ್ರೀತಿ ಎಂದರೆ ಮಳೆಯಲ್ಲಿ ತೊಯ್ಯುವುದು ಎಂದು ಬಹಳ ದಿನ ನಂಬಿದ್ದೆ. ನಮ್ಮ ಸೀಮೆಯಲ್ಲಿ ಮಳೆಯೇ ಅಪರೂಪ. ಮದುವೆಯಾಗಿ ನಾರಾಯಣಪೇಟೆಗೆ ಬಂದ ಮೇಲೆ ಒಂದೆರಡು ಸಲ ಒಳ್ಳೆಯ ಮಳೆ ಬಂದಾಗ, ನಮ್ಮನೆಯವರು ಅಂಗಡಿಯ ಮಾಲು ತೊಯ್ದೀತೆಂದು ಓಡಿದ್ದನ್ನು ನೋಡಿದೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು ಅಂದುಕೊಂಡೆ.

ನಾನು ರಿಟೈರಾದ ವರ್ಷ ಅವರ ಗಂಟಲು ಒಡೆಯಿತು. ಮೊದಮೊದಲು ಸೀಜನ್ನಿನಲ್ಲಿ ಕೂಗಿ ಕೂಗಿ ಹೀಗಾಗಿದೆ ಎಂದು ಉಪ್ಪುನೀರು ಮುಕ್ಕಳಿಸಿದರು. ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡರು. ರಾಯಚೂರಿನ ಡಾಕ್ಟರು ಹೈದರಾಬಾದಿಗೆ ಹೋಗಿ ಎಂದರು. ಹೈದರಾಬಾದಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಧ್ವನಿಪೆಟ್ಟಿಗೆ ತೆಗೆಯದೆ ಉಪಾಯವಿಲ್ಲ, ತೆಗೆದರೆ ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ ಎಂದರು. ಅವರಿಗೂ ಹೇಳಿದರು. ನಮ್ಮನೆಯವರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಸ್ವಲ್ಪ ಹೊತ್ತು ನೋಡಿ, “ಆಗ್ಲಿ,” ಎಂದರು.

ಆಪರೇಷನ್ನಿನ ದಿನ ಬೆಳಿಗ್ಗೆ ಅವರನ್ನು ಗಾಲಿಯ ಮಂಚದ ಮೇಲೆ ಕರೆದೊಯ್ಯುವಾಗ ನಾನು ಪಕ್ಕದಲ್ಲೇ ನಡೆದೆ. ಇನ್ನು ಈ ದನಿ ಕೇಳಿಸುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಏನಾದರೂ ಹೇಳುತ್ತಾರೆ ಎಂದು ಕಾದೆ. ಬಾಗಿಲ ಹತ್ತಿರ ಬಂದಾಗ ಅವರು ಕೈ ಸನ್ನೆ ಮಾಡಿ ನನ್ನನ್ನು ಬಗ್ಗಿಸಿದರು. ನಾನು ಕಿವಿ ಹತ್ತಿರ ಒಯ್ದೆ.

“ನನ್ನ ಚಪ್ಪಲ್ ಮಂಚದ ಕೆಳಗ ಅದಾವು. ಒಳಗಿಟ್ಕೋ. ಯಾರರ ಒಯ್ದಾರು.”

ಅದೇ ಅವರು ನನಗೆ ಆಡಿದ ಕೊನೆಯ ಮಾತು. ಬಾಗಿಲು ಮುಚ್ಚಿತು. ನಾನು ಹೋಗಿ ಚಪ್ಪಲಿ ಎತ್ತಿ ಚೀಲದಲ್ಲಿಟ್ಟುಕೊಂಡೆ, ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯ ತನಕ ಕೂತೆ.

ಮನೆಗೆ ಬಂದ ಮೇಲಿನ ದಿನಗಳು ಹೇಗಿದ್ದವು ಎಂದು ವಿವರಿಸುವುದು ಕಷ್ಟ. ಅವರ ಕುತ್ತಿಗೆಯಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮೇಲೊಂದು ತೆಳ್ಳನೆಯ ಬಟ್ಟೆ. ಅಂಗಡಿಯನ್ನು ದಾಯಾದಿಗಳಿಗೆ ಒಪ್ಪಿಸಿದರು. ನಾನು ಟೀಚರಲ್ಲವೇ, ಬುದ್ಧಿವಂತಿಕೆ ಮಾಡಿ ಬಜಾರಿನಿಂದ ಒಂದು ಸ್ಲೇಟು, ಬಳಪ ತಂದು ಮುಂದಿಟ್ಟೆ. ಅವರು ಸ್ಲೇಟನ್ನು ನೋಡಿದರು, ನನ್ನನ್ನು ನೋಡಿದರು. ನಿಧಾನವಾಗಿ ಅದನ್ನು ನನ್ನ ಕಡೆಗೇ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದರು. ಅಂದು ಮಧ್ಯಾಹ್ನ ಊಟವನ್ನೂ ಮಾಡಲಿಲ್ಲ.

ಟೀವಿ ಹಾಕಿದರೆ ಇನ್ನೊಂದು ತಾಪತ್ರಯ. ತೆಲುಗು ಸೀರಿಯಲ್ಲಿನಲ್ಲಿ ಎಲ್ಲರೂ ಕಿರುಚುತ್ತಾರೆ, ಕನ್ನಡ ಸುದ್ದಿಯಲ್ಲಿ ಅದಕ್ಕಿಂತ ಜೋರಾಗಿ ಕಿರುಚುತ್ತಾರೆ. ದನಿ ಇರುವವರೆಲ್ಲ ಅದನ್ನು ಹೀಗೆ ಚೆಲ್ಲುವುದನ್ನು ನೋಡಿ ಅವರ ಮುಖ ಕಪ್ಪಿಡುತ್ತಿತ್ತು. ಒಂದು ಮಧ್ಯಾಹ್ನ ನಾನು ಟೀವಿ ಬಂದ್ ಮಾಡಲು ಹೋಗಿ ಯಾವುದೋ ಗುಂಡಿ ಒತ್ತಿದೆ. ಇಂಟರ್ನೆಟ್ಟಿನಿಂದ ಒಂದು ಹಳೆಯ ಕಪ್ಪು ಬಿಳುಪು ಚಿತ್ರ ಶುರುವಾಯಿತು. ಬಟ್ಟೆ ಒಗೆಯುವ ಹುಡುಗಿಯೊಬ್ಬಳು ಕಿರಿದಾದ ಓಣಿಯಲ್ಲಿ ಹಗ್ಗಕ್ಕೆ ಚಾದರ ಹರವುತ್ತಿದ್ದಾಳೆ, ಚಾದರದ ಆಚೆ ಕ್ಷೌರಿಕ ಯುವಕನೊಬ್ಬ ನಿಂತು ಏನೋ ಹೇಳುತ್ತಿದ್ದಾನೆ. ಭಾಷೆ ತಿಳಿಯಲಿಲ್ಲ. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಆದರೆ ಅವನ ಎರಡೂ ಕೈ ಚಾದರದ ಮೇಲಿನಿಂದ ಕಾಣುತ್ತಿದ್ದವು, ಆ ಕೈಗಳೇ ಬೇಡುತ್ತಿದ್ದವು, ಸಿಟ್ಟಾಗುತ್ತಿದ್ದವು, ಮತ್ತೆ ಬೇಡುತ್ತಿದ್ದವು. ನಾನು ಚಾನೆಲ್ ತಿರುಗಿಸಲು ಹೋದಾಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ನಮ್ಮನೆಯವರು ಎದ್ದು ಕೂತಿದ್ದರು. ಇರಲಿ ಬಿಡು ಎಂದು ಕೈ ಮಾಡಿದರು.

ಅಲ್ಲಿಂದ ಪ್ರತಿ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯಲ್ಲಿ ಇಟಲಿ. ಆ ದೇಶದಲ್ಲಿ ಯಾವ ಕಾಲದಲ್ಲೋ ತೆಗೆದ ಪ್ರೇಮಚಿತ್ರಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದೆವು. ನನ್ನ ಇಂಗ್ಲಿಷು ನಿಧಾನದ್ದು. ಒಂದು ಸಾಲು ಓದಿ ಕನ್ನಡ ಮಾಡುವಷ್ಟರಲ್ಲಿ ಪರದೆಯ ಮೇಲೆ ಮೂರು ಸಾಲು ಹೋಗಿ, ಜಗಳವಾಡುತ್ತಿದ್ದವರು ರಾಜಿಯಾಗಿ ರೊಟ್ಟಿ ಮುರಿಯುತ್ತಿರುತ್ತಿದ್ದರು. ಉಳಿದದ್ದನ್ನು ನಾನೇ ಕಟ್ಟಿ ಹೇಳುತ್ತಿದ್ದೆ. “ಏನಂತಾಳಂದ್ರ, ನಿಮ್ಮವ್ವನ್ನ ಕೇಳ್ಕೊಂಡು ಬಾ ಅಂತಾಳ,” ಎಂದರೆ ನಮ್ಮನೆಯವರು ಹುಬ್ಬು ಗಂಟಿಕ್ಕಿ, ಅಲ್ಲ ಅಲ್ಲ, ಅವಳ ಕೈ ನೋಡು, ಬರಬೇಡ ಅಂತಿದ್ದಾಳೆ ಎಂದು ತಿದ್ದುತ್ತಿದ್ದರು. ಬಹಳ ಸಲ ಅವರು ಹೇಳಿದ್ದೇ ಸರಿಯಾಗುತ್ತಿತ್ತು. ಜನ್ಮವಿಡೀ ಗಿರಾಕಿಗಳ ಮುಖ ಓದಿದವರು, ನನ್ನಂತೆ ಕೆಳಗಿನ ಅಕ್ಷರದ ಹಿಂದೆ ಓಡುತ್ತಿರಲಿಲ್ಲ.

ಇನ್ನೊಂದು ವಿಚಿತ್ರವಿತ್ತು. ಕಪ್ಪು ಬಿಳುಪು ಚಿತ್ರದಲ್ಲಿ ನಾಯಕಿಯ ಲಂಗ ಯಾವ ಬಣ್ಣದ್ದೆಂದು ಅವರು ನಿರ್ಧರಿಸುತ್ತಿದ್ದರು. ಪರದೆಯನ್ನು ತೋರಿಸಿ, ಆಮೇಲೆ ನಮ್ಮ ಮನೆಯಲ್ಲೇ ಆ ಬಣ್ಣದ್ದು ಏನಿದೆಯೋ ಅದನ್ನು ತೋರಿಸುವುದು. ಒಮ್ಮೆ ಅರಿಶಿನದ ಡಬ್ಬಿ. ಒಮ್ಮೆ ಬುಟ್ಟಿಯಲ್ಲಿದ್ದ ಬದನೆಕಾಯಿ. ಒಮ್ಮೆ ಬಣ್ಣ ಮನೆಯೊಳಗೆ ಸಿಗದೆ, ನನ್ನ ಕೈ ಹಿಡಿದು ಬಾಗಿಲಿಗೆ ಕರೆದುಕೊಂಡು ಹೋಗಿ ಎದುರುಮನೆಯ ಖಾಜಾಬೀಯವರ ಹಸಿರು ಕದ ತೋರಿಸಿದರು. ಅವರು ನನ್ನ ಕೈ ಹಿಡಿದದ್ದನ್ನು ಓಣಿಯೆಲ್ಲ ನೋಡಿತು. ನಾನು ಕದ ನೋಡಿದೆನೋ ಬಿಟ್ಟೆನೋ ನೆನಪಿಲ್ಲ.

ರಾಯಚೂರಿನಲ್ಲಿ ಒಂದು ಸಣ್ಣ ವಾರಪತ್ರಿಕೆ ನಡೆಸುವ ಸಂಪಾದಕ ನನ್ನ ಹಳೆಯ ವಿದ್ಯಾರ್ಥಿ. ಫೋನಿನಲ್ಲಿ ಮಾತಿಗೆ ಮಾತು ಬಂದು ಈ ಚಿತ್ರಗಳ ವಿಷಯ ಹೇಳಿದೆ. “ಬರೀರಿ ಟೀಚರ್, ಹಾಕ್ತೀನಿ,” ಎಂದ. ಹೀಗೆ ನಾನು ವಿಮರ್ಶಕಿಯಾದೆ. ನನ್ನ ವಿಮರ್ಶೆಗಳು ಎಂಥವು ಎಂದರೆ, ಕ್ಯಾಮೆರಾ, ಬೆಳಕು, ನಿರ್ದೇಶನ ಯಾವುದೂ ನನಗೆ ಗೊತ್ತಿಲ್ಲದ ಕಾರಣ ಕಥೆಯನ್ನು ಹೇಳಿ, ಹುಡುಗಿ ಆ ಹುಡುಗನನ್ನು ಒಪ್ಪಬಹುದಿತ್ತೇ ಇಲ್ಲವೇ ಎಂದು ತೀರ್ಪು ಕೊಟ್ಟು, ಲಂಗದ ಬಣ್ಣ ಬರೆದು ಮುಗಿಸುತ್ತಿದ್ದೆ. ಓದುಗರೊಬ್ಬರು ಪತ್ರಿಕೆಗೆ ಫೋನ್ ಮಾಡಿ, “ನಾನೂ ಆ ಸಿನಿಮಾ ನೋಡೀನ್ರಿ, ಪೂರಾ ಕಪ್ಪು ಬಿಳುಪು ಐತಿ. ನಿಮ್ಮ ಮೇಡಮ್ಮಿಗೆ ಬದನಿಕಾಯಿ ಬಣ್ಣ ಎಲ್ಲಿ ಕಂಡಿತು?” ಎಂದು ಕೇಳಿದರಂತೆ. ನಮ್ಮನೆಯವರಿಗೆ ಹೇಳಿದೆ. ದನಿಯಿಲ್ಲದೆ ಹೊಟ್ಟೆ ಕುಣಿಸಿ ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ನಕ್ಕದ್ದು.

ಚಿತ್ರಗಳಿಂದ ಅವರು ಕೈಭಾಷೆ ಕಲಿಯತೊಡಗಿದರು. ಐದೂ ಬೆರಳು ಮೊಗ್ಗಿನಂತೆ ಕೂಡಿಸಿ ಮೇಲಕ್ಕೆ ಹಿಡಿದು ಅಲುಗಾಡಿಸುವುದು ಇಟಲಿಯವರ ಒಂದು ಸನ್ನೆ. ‘ಏನು ನಿನ್ನ ಗೋಳು’ ಎಂದು ಅರ್ಥ. ಒಂದು ದಿನ ಖಾಜಾಬೀ ಬಂದು ತಮ್ಮ ಮನೆಯ ನಲ್ಲಿಯ ಕಥೆ ಎಳೆಯುತ್ತಿದ್ದಾಗ ಇವರು ಅದನ್ನು ಪ್ರಯೋಗಿಸಿದರು. ಖಾಜಾಬೀ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ತಟ್ಟೆ ತುಂಬ ಬಗಾರ ಅನ್ನ, ದಾಳಚ ಸಾರು ತಂದು ಇವರ ಮುಂದಿಟ್ಟು ನನ್ನ ಕಡೆ ತಿರುಗಿದರು.

“ಏನವ್ವ ನೀ, ಅಣ್ಣಾರಿಗೆ ಹೊತ್ತಿಗೆ ಸರಿ ಊಟ ಹಾಕಂಗಿಲ್ಲೇನು? ಪಾಪ, ಬೆರಳು ಕೂಡಿಸಿ ಕೇಳಾಕತ್ತಾರ.”

ಇಟಲಿಯನ್ನು ಖಾಜಾಬೀಯವರಿಗೆ ವಿವರಿಸುವಷ್ಟರಲ್ಲಿ ಅನ್ನ ಆರಿಹೋಗುತ್ತಿತ್ತು. ನಮ್ಮನೆಯವರು ಮಾತ್ರ ಮರ್ಯಾದೆಯಿಂದ ಎರಡು ತುತ್ತು ಉಂಡರು. ನುಂಗುವುದು ಅವರಿಗೆ ಆಗಲೂ ಕಷ್ಟವಿತ್ತು.

ಈಗ ಯೋಚಿಸಿದರೆ ಅನಿಸುತ್ತದೆ, ಮಾತು ಹೋದ ಮೇಲೆಯೇ ನನ್ನ ಗಂಡ ನನ್ನ ಜೊತೆ ಮಾತಾಡಲು ಶುರುಮಾಡಿದ್ದು. ಬಾಯಿದ್ದಾಗ ಬೆನ್ನು ತಿರುಗಿಸಿ “ನೀರು” ಎಂದರೆ ನೀರು ಬರುತ್ತಿತ್ತು. ಈಗ ನೀರು ಬೇಕಾದರೂ ಮೊದಲು ನನ್ನನ್ನು ನೋಡಬೇಕು, ನಾನು ಅವರನ್ನು ನೋಡಬೇಕು. ನೋಡಿದಾಗ ನೀರಿನ ಜೊತೆಗೆ ಇನ್ನೇನೋ ಒಂದು ಬರುತ್ತಿತ್ತು. ತಲೆನೋವಾ ಎಂದು ನನ್ನ ಹಣೆ ತೋರಿಸುವರು. ಹಿತ್ತಲಿನಲ್ಲಿ ಬೆಕ್ಕು ಮರಿ ಹಾಕಿದ್ದನ್ನು ಬೆರಳುಗಳನ್ನು ಓಡಾಡಿಸಿ ತೋರಿಸುವರು. ತಾವು ಹುಡುಗನಾಗಿದ್ದಾಗ ಗದ್ವಾಲದ ಕೋಟೆಯೊಳಗೆ ಕಳೆದುಹೋಗಿ ಅತ್ತದ್ದನ್ನು ಇಡೀ ಒಂದು ಮಧ್ಯಾಹ್ನ ಅಭಿನಯಿಸಿ ಹೇಳಿದರು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ಅದು ಗೊತ್ತಿರಲಿಲ್ಲ. ರಾತ್ರಿ ಹಾಸಿಗೆಯಲ್ಲಿ ದೀಪ ಆರಿಸಿದರೆ ನಮ್ಮ ಸಂಭಾಷಣೆ ನಿಂತುಹೋಗುತ್ತಿತ್ತು. ಅದಕ್ಕೆ ದೀಪ ಆರಿಸುವುದನ್ನು ಇಬ್ಬರೂ ಮುಂದೂಡುತ್ತಿದ್ದೆವು.

ಆ ಚಳಿಗಾಲದಲ್ಲಿ ಅವರಿಗೆ ಗದ್ವಾಲಕ್ಕೆ ಹೋಗಬೇಕೆನಿಸಿತು. ಅಲ್ಲಿ ಅವರ ತಂಗಿ ಶಾಂತಮ್ಮ ಇದ್ದಾಳೆ, ನೇಯ್ಗೆಯವರ ಮನೆಗೆ ಕೊಟ್ಟಿದ್ದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದರು, ಅದೂ ಮೊದಲ ಸಲವೇ. ಹತ್ತಿ ಬಿಡಿಸುವವರು, ಹೊಳೆಯ ನೀರು, ಎಮ್ಮೆ, ಕಂಡದ್ದನ್ನೆಲ್ಲ ತೋಳು ತಟ್ಟಿ ತೋರಿಸುತ್ತ ಬಂದರು. ಹಿಂದಿನ ಸೀಟಿನವರು ನಮ್ಮನ್ನು ಹೊಸ ಜೋಡಿಯೆಂದಂತೂ ತಿಳಿದಿರಲಾರರು. ಮೂಕ ಜೋಡಿ ಎಂದು ತಿಳಿದು ಕಂಡಕ್ಟರು ನನ್ನ ಹತ್ತಿರವೂ ಸನ್ನೆ ಮಾಡಿಯೇ ಟಿಕೆಟ್ ಕೇಳಿದ. ನಾನೂ ಸನ್ನೆಯಲ್ಲೇ ‘ಎರಡು ಗದ್ವಾಲ’ ಎಂದೆ.

ಶಾಂತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ. ಅವಳ ಗಂಡ ನೇಯುವುದು ನಿಲ್ಲಿಸಿ ಎದ್ದು ಬಂದು ಕೈಮುಗಿದ. ಚಹಾ ಕುಡಿದ ಮೇಲೆ ನಮ್ಮನೆಯವರು ಅಲ್ಮಾರಿಯ ಕಡೆ ಕೈ ಮಾಡಿ, ಚಾಪೆ ತೋರಿಸಿದರು. ಶಾಂತಮ್ಮ ಸೀರೆಗಳನ್ನು ತಂದು ಮುಂದಿಟ್ಟಳು. ವ್ಯಾಪಾರದ ನೆನಪಾಗಿರಬೇಕು, ಮುಟ್ಟಿ ನೋಡಲಿ ಎಂದುಕೊಂಡು ನಾನು ಗೋಡೆಗೆ ಒರಗಿ ಕೂತೆ. ಅವರು ಕಾಲು ಮಡಚಿ ಕೂತರು. ಒಂದು ಸೀರೆ ಎತ್ತಿಕೊಂಡು, ಅಂಗಡಿಯಲ್ಲಿ ಬಿಚ್ಚುತ್ತಿದ್ದಂತೆ ಒಂದೇ ಏಟಿಗೆ ಗಾಳಿಗೆ ಬಿಚ್ಚಿದರು. ಆಮೇಲೆ ನನ್ನನ್ನು ಕೈ ಮಾಡಿ ಕರೆದರು.

ನಾನು ಹೋಗಿ ಮುಂದೆ ಕೂತೆ. ಸೆರಗನ್ನು ನನ್ನ ಹೆಗಲ ಮೇಲೆ ಹಾಕಿ, ಹಿಂದೆ ಸರಿದು ನೋಡಿದರು. ತಲೆಯಾಡಿಸಿದರು, ಇದಲ್ಲ. ಇನ್ನೊಂದು ಬಿಚ್ಚಿದರು. ಅದೂ ಅಲ್ಲ. ಮಗ್ಗದ ಸದ್ದು ನಿಂತಿತ್ತು. ಸಾವಿರಾರು ಹೆಂಗಸರ ಮುಂದೆ ಬಾಯಿತುಂಬ ಮಾತಾಡಿ ಸೀರೆ ಬಿಚ್ಚಿದವರು ನನ್ನ ಮುಂದೆ ಒಂದು ಮಾತೂ ಇಲ್ಲದೆ ಬಿಚ್ಚುತ್ತ ಹೋದರು. ಕೊನೆಗೆ ದಾಳಿಂಬೆ ಬಣ್ಣದ ನೂಲಿನ ಸೀರೆ, ಹಸಿರು ರೇಷ್ಮೆಯ ಅಂಚು. ಹೆಗಲ ಮೇಲೆ ಹಾಕಿ, ಕಿಟಕಿಯ ಬೆಳಕಿಗೆ ನನ್ನ ಗದ್ದ ಹಿಡಿದು ತಿರುಗಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬೆರಳ ತುದಿಗಳನ್ನು ತುಟಿಗೆ ಮುಟ್ಟಿಸಿ ಹೂ ಅರಳಿದಂತೆ ಬಿಟ್ಟರು. ನಾವು ನೋಡಿದ ಎಲ್ಲ ಚಿತ್ರಗಳಲ್ಲೂ ಯಾರಾದರೂ ಒಬ್ಬ ಮಾಡುತ್ತಿದ್ದ ಸನ್ನೆ.

ಶಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ವೈನಿ, ಅಣ್ಣಗ ಇದನ್ನ ಯಾರು ಕಲಿಸಿದ್ರು?” ಎಂದಳು. ಅವಳ ಗಂಡ ಮಗ್ಗದ ಕಡೆ ತಿರುಗಿಬಿಟ್ಟ. ನಾನು ಕುಡಿಯುವ ನೀರಿನ ನೆಪ ಮಾಡಿ ಅಡುಗೆಮನೆಗೆ ಹೋಗಿ ಕೊಡದ ಮುಂದೆ ನಿಂತೆ. ನನಗೆ ಅಳು ಬಂದದ್ದು ಸಂತೋಷಕ್ಕೆ ಮಾತ್ರವಲ್ಲ. ಆ ಬೆಳಕಿನಲ್ಲಿ ಅವರೂ ನನಗೆ ಕಂಡಿದ್ದರು. ಕೊರಳಿನ ಒಂದು ಪಕ್ಕದಲ್ಲಿ ಅಡಿಕೆ ಗಾತ್ರದ ಗಂಟು, ಹಿಂದೆ ಇರದಿದ್ದದ್ದು.

ಹೈದರಾಬಾದಿನ ಡಾಕ್ಟರು ಈ ಸಲ ನನ್ನನ್ನು ಹೊರಗೆ ಕರೆಯಲಿಲ್ಲ. ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದರು. ನಮ್ಮನೆಯವರು ಕೇಳಿಸಿಕೊಂಡು, ಎರಡೂ ಅಂಗೈ ಮೇಲೆ ಮಾಡಿ ಇಟಲಿಯವರಂತೆ ಭುಜ ಕುಣಿಸಿದರು. ಡಾಕ್ಟರಿಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು.

ಮನೆಯಲ್ಲಿ ಚಿತ್ರಗಳು ಮುಂದುವರಿದವು. ನೋವಿನ ಔಷಧಿ ತೆಗೆದುಕೊಂಡ ಮೇಲಿನ ಸ್ವಲ್ಪ ಹೊತ್ತು ಅವರು ಎದ್ದು ಕೂರುತ್ತಿದ್ದರು, ಅಷ್ಟರಲ್ಲಿ ಆದಷ್ಟು ನೋಡುವುದು. ಕೊನೆಗೆ ಹಾಕಿದ್ದು ಒಂದು ಸಮುದ್ರ ದಂಡೆಯ ಊರಿನ ಕಥೆ. ಹಡಗುಕಟ್ಟೆಯಲ್ಲಿ ಟಿಕೆಟ್ ಕೊಡುವ ಹುಡುಗಿ, ಗಡಿಯಾರ ರಿಪೇರಿ ಮಾಡುವ ಹುಡುಗ. ಅವನು ಕೆಲಸ ಹುಡುಕಿ ದೂರದ ದೇಶಕ್ಕೆ ಹೊರಡುತ್ತಾನೆ. ಅವನ ಟಿಕೆಟ್ಟನ್ನೂ ಅವಳೇ ಹರಿದು ಕೊಡಬೇಕು. ಹಡಗು ಹೊರಟ ಮೇಲೆ ಅವಳು ಕಿಟಕಿ ಮುಚ್ಚುತ್ತಾಳೆ, ಮುಚ್ಚಿದ ಕಿಟಕಿಯ ಹಿಂದೆ ಅವಳ ನೆರಳು ಅಲುಗಾಡದೆ ನಿಂತಿರುತ್ತದೆ. ಅಲ್ಲಿಗೆ ಅರ್ಧ.

“ಬರ್ತಾನಂತೀರಾ?” ಎಂದು ಕೇಳಿದೆ.

ಅವರು ಪರದೆಯನ್ನೇ ನೋಡುತ್ತ, ಕೈಯನ್ನು ಗಾಳಿಯಲ್ಲಿ ಒಂದು ಸಲ ತಿರುವಿ ಮಡಿಲಿಗೆ ಬಿಟ್ಟರು. ಬರುವುದಿಲ್ಲ. “ನಂಗೂ ಹಂಗ ಅನಸ್ತೈತಿ,” ಎಂದೆ. ದಣಿವಾಗಿದೆ, ಉಳಿದದ್ದು ನಾಳೆ ಎಂದು ಸನ್ನೆ ಮಾಡಿ ಮಲಗಿದರು. ಮಾರನೆಯ ದಿನ ಜ್ವರ ಬಂತು. ಆಮೇಲೆ ಅವರು ಎದ್ದು ಕೂರಲಿಲ್ಲ. ಒಂದು ಮಧ್ಯಾಹ್ನ, ನಾವು ದಿನಾ ಟೀವಿ ಹಾಕುತ್ತಿದ್ದ ಹೊತ್ತಿಗೆ, ನಾನು ಅವರ ತುಟಿಗೆ ಹತ್ತಿಯಿಂದ ನೀರು ಒತ್ತುತ್ತಿರುವಾಗ ಉಸಿರು ನಿಂತಿತು. ಅಷ್ಟು ಸದ್ದಿಲ್ಲದೆ ಹೋದರು, ನಾನು ಇನ್ನೂ ಎರಡು ಸಲ ನೀರು ಒತ್ತಿದೆ.

ದಿನಕರ್ಮಗಳು ಮುಗಿದು ನೆಂಟರು ಹೋದರು. ಶಾಂತಮ್ಮ ಮಾತ್ರ ಉಳಿದಳು. ನಾನು ಮಾತಾಡುವುದನ್ನೇ ಬಿಟ್ಟಿದ್ದೆ. ಮಾತಾಡಬಾರದೆಂದಲ್ಲ, ಅಭ್ಯಾಸ ತಪ್ಪಿತ್ತು. ಉಪ್ಪು ಬೇಕಾದರೆ ಬೆರಳು ಉಜ್ಜಿ ತೋರಿಸುತ್ತಿದ್ದೆ. ಶಾಂತಮ್ಮ ಕೆಲವು ದಿನ ಹಾಗೇ ಕೊಟ್ಟು, ಒಂದು ದಿನ ಉಪ್ಪಿನ ಭರಣಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, “ಬಾಯಿಲೆ ಕೇಳ್ರಿ ವೈನಿ, ಕೊಡ್ತೀನಿ,” ಎಂದಳು. ನಾನು ಆ ದಿನ ಸಪ್ಪೆ ಊಟ ಮಾಡಿದೆ.

ಸಂಪಾದಕ ಫೋನ್ ಮಾಡುತ್ತಿದ್ದ, ನಾನು ಎತ್ತುತ್ತಿರಲಿಲ್ಲ. ಟೀವಿಯ ಮೇಲೆ ಬಟ್ಟೆ ಹೊದಿಸಿದ್ದೆ. ಒಂದು ದಿನ ಶಾಂತಮ್ಮ ಬೇಸರಕ್ಕೆ ಅದನ್ನು ತೆಗೆದು ಗುಂಡಿ ಒತ್ತಿದಳು. ಪರದೆಯ ಮೇಲೆ ಮೊದಲು ಬಂದದ್ದೇ ಆ ಸಿನಿಮಾದ ಚಿತ್ರ, ಅದರ ಕೆಳಗೆ ಅರ್ಧದವರೆಗೆ ಬಂದು ನಿಂತ ಒಂದು ಕೆಂಪು ಗೆರೆ.

“ಇದೇನ್ರಿ ವೈನಿ, ಅರ್ಧಕ್ಕ ಬಿಟ್ಟೀರಿ?”

“ನಿಮ್ಮಣ್ಣ ಅಷ್ಟ ನೋಡಿದ್ರು,” ಎಂದೆ. ಬಹಳ ದಿನದ ಮೇಲೆ ಕೇಳಿದ ನನ್ನ ದನಿ ನನಗೇ ಬೇರೆಯವರದೆನಿಸಿತು.

ಶಾಂತಮ್ಮ ನನ್ನ ಪಕ್ಕ ಬಂದು ಕೂತಳು. “ಹಂಗಾರ ಉಳಿದದ್ದು ನಾವು ನೋಡೂಣು. ಅವ ನೋಡಲಾರದ್ದನ್ನ ನಾವು ನೋಡಿದ್ರ ಅವನೇನು ಸಿಟ್ಟಾಗಂಗಿಲ್ಲ.”

ನೋಡಿದೆವು. ಶಾಂತಮ್ಮನಿಗೆ ಸುಮ್ಮನೆ ನೋಡಲು ಬರುವುದಿಲ್ಲ. ಇವ ಯಾರು, ಅವ ಯಾಕ ಹಂಗ ಮಾಡಿದ, ಈ ಮುದುಕಿ ಅವರವ್ವ ಏನು ಎಂದು ಕೇಳುತ್ತಲೇ ಇದ್ದಳು. ನಾನು ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ನನಗೆ ಒಂದು ವಿಷಯ ತಿಳಿಯಿತು. ಚಿತ್ರದ ಎರಡನೆಯ ಅರ್ಧ ಏನೂ ಚೆನ್ನಾಗಿರಲಿಲ್ಲ. ಎಳೆದದ್ದೇ ಎಳೆದಿದ್ದರು. ಹುಡುಗಿಗೆ ಬೇರೆ ಗಂಡು ನೋಡುತ್ತಾರೆ, ಒಬ್ಬ ತಮಾಷೆಯ ಸೋದರಮಾವ ಬರುತ್ತಾನೆ, ನಾಯಿಯೊಂದು ಕಾರಣವಿಲ್ಲದೆ ಓಡಾಡುತ್ತದೆ. ಇದನ್ನು ನೋಡಲು ಅವರು ಇರಬೇಕಿತ್ತು ಎಂದು ನಾನು ಅಷ್ಟು ದಿನ ಸಂಕಟಪಟ್ಟೆನಲ್ಲ ಎಂದು ಸಿಟ್ಟು ಬಂತು.

ಕೊನೆಯಲ್ಲಿ ಹಡಗು ಬಂತು. ಜನ ಇಳಿದರು. ಎಲ್ಲರೂ ಇಳಿದ ಮೇಲೆ ಅವನೂ ಇಳಿದ, ಸ್ವಲ್ಪ ದಪ್ಪಗಾಗಿದ್ದ. ಅವಳು ಕಿಟಕಿ ತೆರೆದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮುಂದಿನ ದೃಶ್ಯದಲ್ಲಿ ಚರ್ಚಿನ ಗಂಟೆ ಮೊಳಗಿತು, ಮದುವೆಯಾಯಿತು, ಊರೆಲ್ಲ ಕುಣಿಯಿತು.

ನಾನು ಅಳಲು ಶುರುಮಾಡಿದೆ. ಅವರು ಹೋದ ದಿನವೂ ನಾನು ಅಷ್ಟು ಅತ್ತಿರಲಿಲ್ಲ. ಶಾಂತಮ್ಮ ಗಾಬರಿಯಾಗಿ ಟೀವಿಯ ದನಿ ಕಡಿಮೆ ಮಾಡಿ ನನ್ನ ಬೆನ್ನು ಸವರಿದಳು.

“ಕೂಡಿದ್ರಲ್ಲ ವೈನಿ. ಯಾಕ ಅಳ್ತೀರಿ?”

“ಕೂಡಿದ್ರಲ್ಲ ಶಾಂತಾ,” ಎಂದೆ, “ಅದಕ್ಕ.”

ಪರದೆಯ ಮೇಲೆ ಹೆಸರುಗಳು ಏರುತ್ತ ಹೋದವು. ನಾವಿಬ್ಬರೂ ಅವು ಮುಗಿಯುವ ತನಕ ಕೂತಿದ್ದೆವು.

ಮರುದಿನ ಬೆಳಿಗ್ಗೆ ನಾನು ಆ ಚಿತ್ರದ ವಿಮರ್ಶೆ ಬರೆದು ರಾಯಚೂರಿಗೆ ಕಳಿಸಿದೆ. ಮೊದಲರ್ಧ ಚೆನ್ನಾಗಿದೆ, ಎರಡನೆಯದು ಎಳೆದಿದ್ದಾರೆ, ನಾಯಿ ಅನಾವಶ್ಯಕ ಎಂದೆಲ್ಲ ಇದ್ದದ್ದನ್ನು ಇದ್ದಂತೆ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ: ‘ಚಿತ್ರ ಸುಖಾಂತ, ನೋಡುವವರು ಮನಸ್ಸು ಗಟ್ಟಿ ಮಾಡಿಕೊಂಡು ನೋಡಬೇಕು.’

ಮಧ್ಯಾಹ್ನ ಸಂಪಾದಕ ಫೋನ್ ಮಾಡಿದ. ಈ ಸಲ ಎತ್ತಿದೆ.

“ಟೀಚರ್, ಕಡೀ ಸಾಲಿನಾಗ ಒಂದು ತಪ್ಪು ಬಿದ್ದೈತಿ ಅನಸ್ತೈತಿ. ದುಃಖಾಂತ ಅಂತ ಇರಬೇಕಲ್ಲೇನ್ರಿ?”

“ಇಲ್ಲಪ,” ಎಂದೆ. “ತಪ್ಪಿಲ್ಲ. ಹಂಗ ಹಾಕು.”